ಮತಗಟ್ಟೆ ಸಮೀಕ್ಷೆ: ಕೆಡುವುದು ಪ್ರಶ್ನೆಯಲ್ಲೇ

‘ಕಾಂಡೋಮ್ ಬಳಸ್ತೀರಾ?’ ಎಂದು ಎದುರು ಕೂತು ಕೇಳಿದರೆ ‘ಹೂಂ’ ಎನ್ನದವರು ಕಡಿಮೆ. ಕರ್ನಾಟಕದ ಎಚ್‌ಐವಿ ತಡೆ ಅಧ್ಯಯನಗಳಲ್ಲಿ ಮತ ಹಾಕುವಂತೆ ಗುಟ್ಟಾಗಿ ಉತ್ತರಿಸುವ ಮತಗಟ್ಟೆ ಸಮೀಕ್ಷೆ ಬಳಕೆಗೆ ಬಂದದ್ದು ಅದಕ್ಕೇ. ಹತ್ತು–ಹನ್ನೆರಡು ಮಂದಿ, ಒಬ್ಬೊಬ್ಬರಿಗೂ ರಟ್ಟಿನ ಮರೆ, ಒಳಗೆ ಮೂರು ಡಬ್ಬಿ. ಹಸಿರು ಹೌದು, ಕೆಂಪು ಇಲ್ಲ, ಬಿಳಿ ‘ನನಗೆ ಸಂಬಂಧವಿಲ್ಲ’. ಕೈಯಲ್ಲಿ ಪ್ರಶ್ನೆಸಂಖ್ಯೆಯ ಚೀಟಿಗಳು. ಪ್ರಶ್ನೆ ಓದಿದಾಗ ಆ ಸಂಖ್ಯೆಯ ಚೀಟಿಯನ್ನು ತಮ್ಮ ಉತ್ತರದ ಡಬ್ಬಿಗೆ ಹಾಕಬೇಕು. ಹೆಸರು, ಸಹಿ ಬೇಡ.

1. ಸಂಶೋಧನೆಯ ನೀತಿ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ, ಭಾಗವಹಿಸುವವರ ಒಪ್ಪಿಗೆ ಮೊದಲು. ಲೈಂಗಿಕ ಕಾರ್ಯಕರ್ತೆಯರಾದರೆ ದುಡಿಮೆಯ ಹೊತ್ತು ಬಿಟ್ಟು ಕರೆಯಿರಿ. ಬಸ್ ಚಾರ್ಜು ಕೊಡಿ. ಬಾಗಿಲಿಗೆ ‘ಏಡ್ಸ್ ಸಮೀಕ್ಷೆ’ ಬ್ಯಾನರ್ ಕಟ್ಟಿದರೆ ಬಂದವರೂ ಹಿಂತಿರುಗುತ್ತಾರೆ.

2. ಕೆಲಸ ಕೆಡುವುದು ಪ್ರಶ್ನೆಯಲ್ಲಿ. ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಅನುವಾದಿಸಬೇಡಿ. ಸಮುದಾಯದ ನಾಲ್ಕೈದು ಜನರ ಜೊತೆ ಕೂತು, ಅವರ ಬಾಯಲ್ಲಿ ಬರುವ ಮಾತಿನಲ್ಲೇ ಬರೆಯಿರಿ. ‘ಲೈಂಗಿಕ ಸಂಗಾತಿ’ ಎಂದರೆ ಗಿರಾಕಿಯೋ ಗಂಡನೋ? ಎರಡು ಪ್ರಶ್ನೆ ಮಾಡಿ. ‘ಕಾಂಡೋಮ್ ಬಳಸಲಿಲ್ಲವೇ?’ ಎಂದು ಕೇಳಿದರೆ ಕನ್ನಡದಲ್ಲಿ ‘ಹೌದು’ ಎರಡೂ ಕಡೆ ವಾಲುತ್ತದೆ. ‘ಯಾವಾಗಲೂ’ ಬೇಡ, ‘ಕೊನೇ ಸಲ ಬಂದ ಗಿರಾಕಿ ಜೊತೆ ಕಾಂಡೋಮ್ ಬಳಸಿದ್ರಾ?’ ಸಾಕು. ಇಪ್ಪತ್ತು ಪ್ರಶ್ನೆ ದಾಟಬೇಡಿ.

3. ಓದು ಬಾರದವರಿಗೆ ಸಂಖ್ಯೆಯ ಜೊತೆ ಚಿತ್ರ ಹಾಕಿ, ಕ್ರಮವಾಗಿ ಜೋಡಿಸಿಕೊಡಿ. ತಗಡಿನ ಡಬ್ಬಿ ಬೇಡವೇ ಬೇಡ, ಚೀಟಿ ಬಿದ್ದ ಸದ್ದಿಗೇ ಪಕ್ಕದವರ ಕಿವಿ ನಿಮಿರುತ್ತದೆ. ‘ಇವತ್ತು ಚಹಾ ಕುಡಿದ್ರಾ?’ ಎಂಬಂಥ ಎರಡು ಅಭ್ಯಾಸ ಪ್ರಶ್ನೆ ಕಡ್ಡಾಯ. ಸಮಯ ಉಳಿಸಲು ಇದನ್ನೇ ಬಿಡುತ್ತಾರೆ. ಆಮೇಲೆ ಆರನೇ ಪ್ರಶ್ನೆಗೆ ಏಳನೇ ಚೀಟಿ.

4. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿ. ಕಾಂಡೋಮ್ ಹಂಚುವ ಸಂಸ್ಥೆಯ ಸಿಬ್ಬಂದಿ ಓದುವುದು ಬೇಡ. ಅವರ ಮನಸ್ಸು ನೋಯಿಸಬಾರದೆಂದೇ ಹಸಿರು ಡಬ್ಬಿ ತುಂಬುತ್ತದೆ.

5. ಎಲ್ಲ ಹಸಿರು ಡಬ್ಬಿಗಳ ಚೀಟಿ ಒಟ್ಟು ಸುರಿಯಿರಿ. ಕೆಂಪು, ಬಿಳಿಯೂ ಹಾಗೆಯೇ. ಹನ್ನೆರಡು ಮಂದಿಯಿದ್ದರೆ ಪ್ರತಿ ಸಂಖ್ಯೆಗೂ ಮೂರು ಬಣ್ಣ ಸೇರಿ ಹನ್ನೆರಡೇ ಚೀಟಿ ಬರಬೇಕು. ಕಾಂಡೋಮ್ ಬಿಟ್ಟವರೇ ರಕ್ತಪರೀಕ್ಷೆಯನ್ನೂ ಬಿಟ್ಟರೇ ಎಂಬುದು ಇದರಲ್ಲಿ ತಿಳಿಯದು. ಅದಕ್ಕೆ ಬೇರೆ ಅಧ್ಯಯನ ಬೇಕು.

6. ಎಣಿಕೆಯನ್ನು ಅಲ್ಲೇ, ಅವರಿಗೇ ಹೇಳಿ, ‘ಯಾಕೆ ಹೀಗೆ?’ ಎಂದು ಕೇಳಿ. ಹನ್ನೆರಡಕ್ಕೆ ಹನ್ನೆರಡೂ ಒಂದೇ ಉತ್ತರ ಬಂದರೆ ವರದಿಯಲ್ಲಿ ಊರಿನ ಹೆಸರು ಕೈಬಿಡಿ. ಚೀಟಿಯಲ್ಲಿ ಹೆಸರಿಲ್ಲದಿದ್ದರೂ ಅಲ್ಲಿ ಎಲ್ಲರ ಗುಟ್ಟೂ ಬಯಲಾಗಿರುತ್ತದೆ.