ಸೊಂಟದ ಕೀಲಿನ ಮುರಿತ: ರೋಗಿಯನ್ನು ಮರುದಿನವೇ ಎಬ್ಬಿಸಿ ನಿಲ್ಲಿಸುವ ಶಸ್ತ್ರಚಿಕಿತ್ಸೆ

ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದುಕೊಂಡ ಹಿರಿಯರಿಗೆ ಮೂಳೆ ಶಸ್ತ್ರಚಿಕಿತ್ಸಕನಾಗಿ ಬಹುಕಾಲದಿಂದ ಚಿಕಿತ್ಸೆ ನೀಡುತ್ತಿರುವ ನಾನು, ಆಪರೇಷನ್ ಥಿಯೇಟರಿನಲ್ಲಿ ಏನೇ ಮಾಡಿದರೂ ರೋಗಿ ಮರುದಿನ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲುವಂತಿರಬೇಕು ಎಂಬುದನ್ನೇ ಗುರಿಯಾಗಿಟ್ಟುಕೊಂಡಿದ್ದೇನೆ.

ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನಲ್ಲಿ ಕೂರುವ ಗುಂಡನೆಯ ತಲೆಯ ಕೆಳಗಿನ ಕಿರಿದಾದ ಭಾಗ, ಮುರಿದು ಸರಿದಿದ್ದರೆ, ಆ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹರಿದಿರುವ ಸಂಭವ ಹೆಚ್ಚು. ಆದ್ದರಿಂದ ವಯಸ್ಸಾದವರಲ್ಲಿ ಸ್ಕ್ರೂ ಹಾಕಿ ಕೂಡಿಸಲು ಹೋಗದೆ, ತಲೆಯನ್ನೇ ತೆಗೆದು ಮೂಳೆ ಸಿಮೆಂಟಿನಿಂದ ಬೈಪೋಲಾರ್ ಎಂಬ ಕೃತಕ ತಲೆಯನ್ನು ಕೂರಿಸುತ್ತೇನೆ. ಕುತ್ತಿಗೆಗಿಂತ ಕೆಳಗೆ ಆಗುವ ಮುರಿತದಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಮೂಳೆ ತಾನೇ ಕೂಡುತ್ತದೆ. ಅಲ್ಲಿ ಸಾಮಾನ್ಯವಾಗಿ ತೊಡೆಮೂಳೆಯ ಒಳಗೆ ಪಿಎಫ್ಎನ್ ಎಂಬ ಲೋಹದ ರಾಡ್ ಹಾಕಿ, ಅದರ ಮೂಲಕ ತಲೆಯೊಳಕ್ಕೆ ಸ್ಕ್ರೂ ಕೂರಿಸುತ್ತೇನೆ. ಈ ಶಸ್ತ್ರಚಿಕಿತ್ಸೆಯಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು ಸ್ಕ್ರೂವಿನ ತುದಿಗೆ. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆಯ ಮೇಲೆ ಎದುರಿನಿಂದಲೂ ಪಕ್ಕದಿಂದಲೂ ನೋಡಿ, ಆ ತುದಿಗೂ ತಲೆಯ ನೆತ್ತಿಗೂ ನಡುವಿನ ಎರಡು ಅಂತರಗಳನ್ನು ಕೂಡಿದರೆ 25 ಮಿಲಿಮೀಟರ್ ಒಳಗಿರಬೇಕು. 1995ರಲ್ಲಿ ಶಸ್ತ್ರಚಿಕಿತ್ಸಕ ಬೌಮ್‌ಗಾರ್ಟ್ನರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ಅಳತೆಯನ್ನು ನಾನು ಎಂದೂ ಸಡಿಲಿಸುವುದಿಲ್ಲ. ಸ್ಕ್ರೂಗೆ ದಾರಿ ತೋರುವ ಗೈಡ್ ವೈರ್ ಮನಸ್ಸಿಗೆ ಒಪ್ಪುವಂತೆ ಕೂರದಿದ್ದರೆ ತೆಗೆದು ಮತ್ತೆ ಹಾಕುತ್ತೇನೆ, ಏಕೆಂದರೆ ಟೊಳ್ಳಾದ ಮೂಳೆಯಲ್ಲಿ ತಪ್ಪು ಜಾಗದಲ್ಲಿರುವ ಸ್ಕ್ರೂ ತಲೆಯನ್ನು ಸೀಳಿಕೊಂಡು ಹೊರಬರಬಹುದು.

"ಇಷ್ಟು ವಯಸ್ಸಾಗಿದೆ, ಆಪರೇಷನ್ ತಡೆದುಕೊಳ್ತಾರಾ ಡಾಕ್ಟ್ರೇ?" ಎಂದು ಮನೆಯವರು ಕೇಳುತ್ತಾರೆ. ಮಲಗಿಸಿಯೇ ಇಟ್ಟರೆ ಬರುವ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಇವುಗಳನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ ಎಂದು ವಿವರಿಸಿ, ಬಿಪಿ, ಸಕ್ಕರೆ ಹತೋಟಿಗೆ ತಂದು, ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮುಗಿಸುತ್ತೇನೆ.

ಮರುದಿನ ಬೆಳಿಗ್ಗೆ ನೋವಿನ ಔಷಧಿ ಕೊಟ್ಟು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆ ಫಿಸಿಯೋಥೆರಪಿಸ್ಟ್ ಜೊತೆ ನಿಂತು ವಾಕರ್ ಹಿಡಿಸುತ್ತೇನೆ. "ಹೊಲಿಗೆ ಬಿಚ್ಚೋವರೆಗೂ ಮಲಗಿರ್ತೀನಪ್ಪ" ಎಂದು ಬೇಡಿಕೊಳ್ಳುವ ಅಜ್ಜಿಯರ ಭಯ ಸಹಜವಾದದ್ದು. ಮೊದಲ ಹೆಜ್ಜೆಯಲ್ಲಿ ಕಾಲು ಕುಸಿಯದೆ ನಿಂತಿತೆಂದರೆ ಎರಡನೆಯ ಹೆಜ್ಜೆಗೆ ಅವರೇ ವಾಕರ್ ಮುಂದಕ್ಕೆ ಸರಿಸುತ್ತಾರೆ. ಮನೆಗೆ ಕಳಿಸುವ ಮೊದಲು, ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯದ ಬದಲು ಕಮೋಡ್ ಕುರ್ಚಿ, ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿಯ ದೀಪ ಇವುಗಳ ಏರ್ಪಾಡು ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳುತ್ತೇನೆ.

ರಾಡ್ ಸರಿಪಡಿಸುವುದು ಮುರಿದ ಜಾಗವನ್ನು ಮಾತ್ರ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಅನ್ನು ಅಲ್ಲ. ಹಾಗಾಗಿ ವಿಟಮಿನ್ ಡಿ ಕೊರತೆ ತುಂಬಿಸಿ, ಮೂತ್ರಪಿಂಡದ ಪರೀಕ್ಷೆ ಸರಿಯಿದ್ದವರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆದ ಮೇಲೆ, ಮೂಳೆ ಸವೆತ ತಡೆಯಲು ವರ್ಷಕ್ಕೊಮ್ಮೆ ಕೊಡುವ 5 ಮಿಲಿಗ್ರಾಂ ಜೋಲೆಡ್ರೋನಿಕ್ ಆಮ್ಲದ ಡ್ರಿಪ್‌ಗೆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡುತ್ತೇನೆ.