ಎಸ್‌ಕ್ಯೂಎಲ್ ಇಂಜೆಕ್ಷನ್ ತಡೆಯುವುದು ಹೇಗೆ: ಸಾರ್ಟಿಂಗ್ ಬಟನ್ ಮರೆಯಬೇಡಿ

ಶಿರಸಿಯ ಅಡಿಕೆ ದರ ತೋರಿಸುವ ಪುಟವಿರಲಿ, ಗೋಕರ್ಣದ ಹೋಮ್‌ಸ್ಟೇ ಬುಕಿಂಗ್ ಇರಲಿ, ನಮ್ಮ ಜಿಲ್ಲೆಯ ಯುವ ಡೆವಲಪರ್‌ಗಳ ಕೋಡ್‌ನಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತೇನೆ. ಫಾರ್ಮ್‌ನಲ್ಲಿ ಜನ ಟೈಪ್ ಮಾಡಿದ್ದನ್ನು ಹಾಗೇ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಸಾಲಿಗೆ ಅಂಟಿಸಿರುತ್ತಾರೆ. ಹೀಗೆ ಮಾಡಿದರೆ ಹೊರಗಿನವರು ಟೈಪ್ ಮಾಡಿದ ಅಕ್ಷರಗಳೇ ಡೇಟಾಬೇಸ್‌ಗೆ ಆಜ್ಞೆಯಾಗುತ್ತವೆ. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಈ ದಾಳಿಯ ವಿವರ 1998ರಲ್ಲೇ ಫ್ರ್ಯಾಕ್ ಎಂಬ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಬಂದಿತ್ತು. ಇಂದಿಗೂ ಅದೇ ತಪ್ಪು ನಡೆಯುತ್ತಿರುವುದು ಬೇಸರದ ಸಂಗತಿ.

ಹಂತ 1: ಇಡೀ ಪ್ರಾಜೆಕ್ಟ್‌ನಲ್ಲಿ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಹುಡುಕಿ, ವೇರಿಯಬಲ್ ಅಂಟಿಸಿದ ಸಾಲುಗಳನ್ನು ಗುರುತು ಹಾಕಿಕೊಳ್ಳಿ.

ಹಂತ 2: ವ್ಯಾಲ್ಯೂ ಬರುವ ಜಾಗದಲ್ಲೆಲ್ಲ ? ಇಟ್ಟು, ವ್ಯಾಲ್ಯೂವನ್ನು ಬೇರೆಯಾಗಿ ಕಳಿಸಿ. ಇದೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ? ಸುತ್ತ ಕೋಟ್ ಹಾಕಬೇಡಿ, ಹಾಕಿದರೆ ಅದು ಬರೀ ಅಕ್ಷರವಾಗಿಬಿಡುತ್ತದೆ. ಪಿಎಚ್‌ಪಿಯಲ್ಲಿ ಇದಕ್ಕೆ ಪಿಡಿಓ (ಡೇಟಾಬೇಸ್ ಜೊತೆ ಮಾತಾಡಲು ಅದರಲ್ಲೇ ಇರುವ ಸೌಲಭ್ಯ) ಬಳಸಿ. mysql_ ಎಂದು ಶುರುವಾಗುವ ಹಳೆಯ ಫಂಕ್ಷನ್‌ಗಳನ್ನು 2015ರ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಅವನ್ನೇ ಕಲಿಸುವ ಟ್ಯುಟೋರಿಯಲ್ ಸಿಕ್ಕರೆ ಮುಚ್ಚಿಬಿಡಿ.

ದಾಳಿ ತಡೆಯಲೆಂದು ಸಿಂಗಲ್ ಕೋಟ್ (') ಬಂದರೆ ಫಾರ್ಮನ್ನೇ ತಿರಸ್ಕರಿಸುವ ಅಡ್ಡದಾರಿ ಬೇಡವೇ ಬೇಡ. ಕಾರವಾರದ ಡಿ'ಸೋಜಾ, ಡಿ'ಕೋಸ್ಟಾ ಮನೆತನದವರು ತಮ್ಮ ಹೆಸರನ್ನೇ ಬರೆಯಲಾಗದೆ ಒದ್ದಾಡಬೇಕಾಗುತ್ತದೆ. ಇತ್ತ ಐಡಿ ಜಾಗದಲ್ಲಿ '5' ಬದಲು '5 ಆರ್ 1=1' ಎಂದು ಬಂದರೆ (1=1 ಯಾವಾಗಲೂ ನಿಜ, ಹಾಗಾಗಿ ಎಲ್ಲ ಸಾಲೂ ಸಿಕ್ಕಿಬಿಡುತ್ತವೆ) ದಾಳಿಗೆ ಕೋಟ್ ಬೇಕಾಗುವುದೇ ಇಲ್ಲ, ಅಲ್ವಾ? ಹಾಕಿದರೆ ಸಾಕು, ಸೈಟ್ ಭದ್ರ ಎನ್ನುವ ಪ್ಲಗಿನ್‌ಗಳಿಗೂ ಸುಮ್ನೆ ದುಡ್ಡು ಸುರಿಯಬೇಡಿ.

ಹಂತ 3: ಜಾಸ್ತಿ ಜನ ಎಡವುವುದು ಇಲ್ಲೇ. ಪಟ್ಟಿಯನ್ನು ದರದ ಪ್ರಕಾರವೋ ತಾರೀಖಿನ ಪ್ರಕಾರವೋ ಜೋಡಿಸುವ ಸಾರ್ಟಿಂಗ್ ಬಟನ್ ಇರುತ್ತದೆ. ಜೋಡಣೆ ಹೇಳುವ 'ಆರ್ಡರ್ ಬೈ' ಮುಂದೆ ? ಇಟ್ಟರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಅದನ್ನು ಕಾಲಮ್ ಎಂದು ತಿಳಿಯುವುದಿಲ್ಲ. ಎರರ್ ಬರುವುದಿಲ್ಲ, ಪಟ್ಟಿ ಮಾತ್ರ ಇದ್ದ ಹಾಗೇ ಇರುತ್ತದೆ. ಆಗ ತಾಳ್ಮೆಗೆಟ್ಟು ಮತ್ತೆ ಅಂಟಿಸಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಯಾವ ಪದಕ್ಕೆ ಯಾವ ಕಾಲಮ್ ಎಂದು ಕೋಡ್‌ನಲ್ಲೇ ಪಟ್ಟಿ ಬರೆದಿಡಿ. ಬ್ರೌಸರ್‌ನಿಂದ 'ದರ' ಬಂದರೆ ದರದ ಕಾಲಮ್, 'ತಾರೀಖು' ಬಂದರೆ ತಾರೀಖಿನದು. ಪಟ್ಟಿಯಲ್ಲಿ ಇಲ್ಲದ್ದು ಏನೇ ಬಂದರೂ ತಾರೀಖೇ. ಏರಿಕೆ, ಇಳಿಕೆಗೂ ಇದೇ ಕ್ರಮ. ಹೊರಗಿನಿಂದ ಬಂದ ಪದ ಎಸ್‌ಕ್ಯೂಎಲ್ ಸಾಲನ್ನು ಮುಟ್ಟಲೇಬಾರದು, ನೀವು ಬರೆದಿಟ್ಟ ಹೆಸರಷ್ಟೇ ಹೋಗಬೇಕು.

ಅಡಿಕೆಯ ರಾಶಿ, ಚಾಲಿ, ಬೆಟ್ಟೆ ಮೂರಕ್ಕೂ ಟಿಕ್ ಹಾಕಿದ್ದರೆ ಎಸ್‌ಕ್ಯೂಎಲ್‌ನ 'ಇನ್' (IN) ಒಳಗೆ ಮೂರು ? ಬೇಕು. ಎಷ್ಟು ಟಿಕ್ ಇದೆಯೋ ಎಣಿಸಿ ಅಷ್ಟನ್ನೂ ಕೋಡೇ ತಯಾರಿಸಲಿ. ಪದದ ತುಣುಕು ಹುಡುಕುವ 'ಲೈಕ್' (LIKE) ಬಳಸುವಾಗ % ಚಿಹ್ನೆಯನ್ನು ವ್ಯಾಲ್ಯೂ ಜೊತೆಗೇ ಸೇರಿಸಿ ಕಳಿಸಿ. ನಿಮ್ಮ ಡೇಟಾಬೇಸ್‌ನಿಂದಲೇ ತೆಗೆದ ಹೆಸರನ್ನು ಇನ್ನೊಂದು ಸಾಲಿಗೆ ಕೊಡುವಾಗಲೂ ? ಬಿಡಬೇಡಿ, ಅದು ಮೊದಲು ಬಂದದ್ದು ಯಾವುದೋ ಫಾರ್ಮ್‌ನಿಂದಲೇ. ಲಾರಾವೆಲ್, ಜಾಂಗೋ ಎಂಬ ಫ್ರೇಮ್‌ವರ್ಕ್ ಬಳಸುವವರು 'ರಾ' (raw, ಎಸ್‌ಕ್ಯೂಎಲ್ ನೇರವಾಗಿ ಬರೆಯುವ ಜಾಗ) ಎಂದಿರುವ ಕಡೆಯೆಲ್ಲ ಇದೇ ಎಚ್ಚರ ವಹಿಸಿ.

ಹಂತ 4: ವೆಬ್‌ಸೈಟ್‌ಗೆ ಡೇಟಾಬೇಸ್‌ನ ರೂಟ್ ಖಾತೆ (ಎಲ್ಲ ಹಕ್ಕೂ ಇರುವುದು) ಕೊಡಬೇಡಿ. ದರ ತೋರಿಸುವ ಪುಟಕ್ಕೆ ಸೆಲೆಕ್ಟ್ ಹಕ್ಕು, ಅಂದರೆ ಓದುವ ಹಕ್ಕು, ಸಾಕು. ಎರರ್ ಪರದೆಗೆ ಬರಬಾರದು, ಲಾಗ್‌ಗೆ ಹೋಗಲಿ.

ಹಂತ 5: ಪ್ರತಿ ಬಾಕ್ಸ್‌ನಲ್ಲೂ ಡಿ'ಸೋಜಾ ಎಂದು ಇಂಗ್ಲಿಷಿನಲ್ಲಿ ಹಾಕಿ ನೋಡಿ. ಹೆಸರು ಹಾಗೇ ಉಳಿಯಬೇಕು. ಯುಆರ್‌ಎಲ್‌ನಲ್ಲಿರುವ ಸಾರ್ಟಿಂಗ್ ಪದವನ್ನೂ ಬದಲಿಸಿ ನೋಡಿ. ಇದೆಲ್ಲ ನಿಮ್ಮದೇ ಸೈಟಿನ ಟೆಸ್ಟ್ ಪ್ರತಿಯ ಮೇಲೆ ಮಾತ್ರ. ಒಪ್ಪಿಗೆಯಿಲ್ಲದೆ ಬೇರೆಯವರ ಸೈಟ್‌ಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಕೇಸು ಬೀಳುತ್ತದೆ.