ದುಂಬಿ ಬೇಕಾದರೆ ಕೊಂಬೆ ತನ್ನಿ: ಅರಿಜೋನಾ ಬೆಟ್ಟಗಳ ಉದ್ದಮೀಸೆ ದುಂಬಿಗಳು

ಅಮೆರಿಕದ ಅರಿಜೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ ಚಿರಿಕಾಹುವಾ, ಹುವಾಚುಕಾ, ಸಾಂತಾ ರೀಟಾ ಬೆಟ್ಟಗಳು ಮರುಭೂಮಿಯಿಂದ ಎದ್ದು ನಿಂತಿವೆ. ಬುಡದಲ್ಲಿ ಮೆಸ್ಕೀಟ್ ಮುಳ್ಳುಮರ, ಮೇಲೇರಿದರೆ ಎಮೊರಿ ಓಕ್, ಅಲಿಗೇಟರ್ ಜುನಿಪರ್. ಇಲ್ಲಿನ ಕೆಲವು ಉದ್ದಮೀಸೆ ದುಂಬಿಗಳು (ಲಾಂಗ್‌ಹಾರ್ನ್ ಬೀಟಲ್) ಕೀಟಸಂಗ್ರಹಗಳಲ್ಲಿ ಸಿಗುವುದೇ ಅಪರೂಪ. ಬದುಕಿನ ಬಹುಪಾಲು ಮರದೊಳಗೇ ಕಳೆದು, ರೆಕ್ಕೆ ಬಂದ ಮೇಲೆ ಸ್ವಲ್ಪವೇ ಕಾಲ ಹೊರಗಿರುತ್ತವೆ. ಬಲೆ ಹಿಡಿದು ಅಲೆಯುವುದಕ್ಕಿಂತ ಹುಳುವಿರುವ ಕೊಂಬೆ ತಂದು, ದುಂಬಿ ಹೊರಬರುವವರೆಗೆ ಕಾಯುವುದೇ ಲೇಸು. ನಮ್ಮ ಕಾಫಿ ತೋಟದ ಬಿಳಿ ಕಾಂಡಕೊರಕವೂ ಇದೇ ಕುಟುಂಬದ್ದು. ಅದರ ಕಾಟ ಕಂಡವರಿಗೆ ಕೊರೆತದ ಗುರುತು ಹೊಸದಲ್ಲ.

ಜುಲೈ ಹೊತ್ತಿಗೆ ಅಲ್ಲಿ ಮಳೆ ಹಿಡಿಯುತ್ತದೆ, ಅನೇಕ ದುಂಬಿಗಳು ಆಗಲೇ ಹೊರಬೀಳುತ್ತವೆ. ಆದ್ದರಿಂದ ಮಾರ್ಚ್‌ನಿಂದ ಮೇ ಒಳಗೆ ಕೊಂಬೆ ಕಡಿಯಿರಿ. ಮೊದಲು ಅರಣ್ಯ ಕಚೇರಿಯಲ್ಲಿ ಅನುಮತಿ ಕೇಳಿ. ಚಿರಿಕಾಹುವಾ ನ್ಯಾಷನಲ್ ಮಾನ್ಯುಮೆಂಟ್ ಎಂಬ ಸಂರಕ್ಷಿತ ಪ್ರದೇಶದ ಒಳಗೆ ಪರವಾನಗಿ ಇಲ್ಲದೆ ಏನನ್ನೂ ತೆಗೆಯುವಂತಿಲ್ಲ.

ಇತ್ತೀಚೆಗೆ ಸತ್ತ, ತೊಗಟೆ ಬಿಗಿಯಾಗಿರುವ, ಹೆಬ್ಬೆರಳಿನಿಂದ ಮುಂಗೈ ದಪ್ಪದ ಕೊಂಬೆ ಆರಿಸಿ. ತುದಿಯನ್ನು ಕತ್ತರಿಸಿ ನೋಡಿ: ಸುರಂಗದಲ್ಲಿ ನಾರುನಾರಾದ ಹುಡಿ ತುಂಬಿದ್ದರೆ ಹುಳು ಒಳಗಿರುವ ಸಾಧ್ಯತೆ ಹೆಚ್ಚು. ಹೊರಗೆ ತೂತು ಬಿದ್ದು ಸುರಂಗ ಖಾಲಿಯಿದ್ದರೆ ಹಕ್ಕಿ ಹಾರಿಹೋಗಿದೆ! ಅದೇ ಮರದ ಎಲೆ, ಕಾಯಿಯನ್ನೂ ಒತ್ತಿಟ್ಟುಕೊಳ್ಳಿ; ಓಕ್‌ಗಳ ಜಾತಿಯನ್ನು ಒಣಕಟ್ಟಿಗೆ ನೋಡಿ ಹೇಳುವುದು ಕಷ್ಟ.

ಕೊಂಬೆಗಳನ್ನು ಅರ್ಧ ಮೀಟರ್ ತುಂಡು ಮಾಡಿ, ಮರವೊಂದಕ್ಕೆ ಒಂದರಂತೆ ದಪ್ಪ ರಟ್ಟಿನ ಡಬ್ಬಿಗೆ ಹಾಕಿ. ಬದಿಯಲ್ಲಿ ತೂತು ಕೊರೆದು ಗಾಜಿನ ಸೀಸೆ ಸಿಕ್ಕಿಸಿ, ಉಳಿದ ಸಂದುಗಳಿಗೆ ಟೇಪ್ ಹಚ್ಚಿ. ಬೆಳಕು ಹುಡುಕುವ ದುಂಬಿ ಸೀಸೆಗೇ ಬಂದು ಬೀಳುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಬೂಸ್ಟು ಬಂದು ಎಲ್ಲ ಹಾಳು. ಹಾಗೆಂದು ತೀರಾ ಒಣಗಲೂ ಬಿಡಬೇಡಿ: ಎರಡು ವಾರಕ್ಕೊಮ್ಮೆ ತೆಳ್ಳಗೆ ನೀರು ಸಿಂಪಡಿಸಿ. ಒಣಮರದಲ್ಲಿ ಹುಳುವಿನ ಬೆಳವಣಿಗೆ ವರ್ಷಗಟ್ಟಲೆ ಎಳೆಯುತ್ತದೆ. ಪೀಠೋಪಕರಣದಿಂದ ದಶಕಗಳ ನಂತರ ದುಂಬಿ ಹೊರಬಂದದ್ದೂ ಇದೆ. ಮೊದಲ ವರ್ಷ ಏನೂ ಬರಲಿಲ್ಲವೆಂದು ಕಟ್ಟಿಗೆ ಎಸೆಯಬೇಡಿ.

ಸೀಸೆಯನ್ನು ದಿನಾ ನೋಡಿ. ಹುಳುವಿನ ಮೇಲೆ ಬೆಳೆಯುವ ಪರತಂತ್ರ ಕಣಜ, ಹುಳುವನ್ನು ತಿನ್ನುವ ಚೆಕ್ಕರ್ ದುಂಬಿ ಬಂದರೆ ಅವನ್ನೂ ಇಟ್ಟುಕೊಳ್ಳಿ: ಒಳಗೆ ಯಾರು ಯಾರನ್ನು ತಿಂದರೆಂಬುದಕ್ಕೆ ಅದು ಸುಳಿವು. ಎರಡು ದುಂಬಿ ಒಂದೇ ಸೀಸೆಯಲ್ಲಿದ್ದರೆ ಮೀಸೆ, ಕಾಲು ಕಚ್ಚಿಕೊಳ್ಳುತ್ತವೆ.

ಕೊಂದ ದುಂಬಿಗೆ ಬಲ ಮೇಲುರೆಕ್ಕೆಯ ಮೂಲಕ ಪಿನ್ ಚುಚ್ಚಿ, ಮೀಸೆಗಳನ್ನು ಮೈಯ ಪಕ್ಕಕ್ಕೆ ಹಿಂದಕ್ಕೆ ಬಾಗಿಸಿ ಒಣಗಿಸಿ. ಚೀಟಿಯಲ್ಲಿ ಸ್ಥಳ, ಎತ್ತರ, ಮರದ ಜಾತಿಯ ಜೊತೆಗೆ ಕೊಂಬೆ ಕಡಿದ ದಿನ, ದುಂಬಿ ಹೊರಬಂದ ದಿನ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ಬೆಚ್ಚನೆಯ ಕೋಣೆಯಲ್ಲಿ ಬೇಗ ಹೊರಬಂದ ದುಂಬಿಯ ದಿನಾಂಕವಷ್ಟೇ ಬರೆದರೆ, ಕಾಡಿನಲ್ಲೂ ಅದು ಆ ತಿಂಗಳಲ್ಲೇ ಹಾರುತ್ತದೆಂದು ಓದುವವರು ನಂಬಿಬಿಡುತ್ತಾರೆ.